ಎಂಟು ಮನೆಯ ಚೌಕ

ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಲ್ಲಿ ರೇಷ್ಮೆ ಸೀರೆ ನೇಯುವ ಮನೆಯೊಂದರ ಜಗಲಿಯಲ್ಲಿ ಕೂತಿದ್ದೆ. ಕೈಯಲ್ಲಿ ಒಂದು ಗ್ರಾಫ್ ಹಾಳೆ. ಹಾಳೆ ತುಂಬ ಸಣ್ಣ ಸಣ್ಣ ಮನೆಗಳು; ಕೆಲವಕ್ಕೆ ಕೆಂಪು ಶಾಯಿ ತುಂಬಿದೆ, ಮಿಕ್ಕವು ಖಾಲಿ. ತೋಳು ಚಾಚಿ ದೂರ ಹಿಡಿದರೆ ಮಾವಿನಕಾಯಿ ಬುಟ್ಟಾ. ಒಳಗೆ ಮಗ್ಗದ ಮೇಲಿದ್ದ ಸೀರೆಯ ಒಡಲಲ್ಲಿ ಅದೇ ಮಾವಿನಕಾಯಿ ಸಾಲು ಸಾಲಾಗಿ ಬಂದಿತ್ತು. ಹಾಳೆಯಲ್ಲಿದ್ದದ್ದು ಮಾತ್ರ ಒಂದೇ ಒಂದು.

"ಇಡೀ ಸೀರೆ ಬರ್ಕೊಳ್ಳಲ್ವಾ ಯಜಮಾನ್ರೇ?" ಎಂದು ಕೇಳಿದೆ.

"ಇಡೀ ಸೀರೆ ಬರೆಯೋಕೆ ಹೋದ್ರೆ ಕಾರ್ಡು ಹೊರೋಕೆ ಗಾಡಿ ಬೇಕಾಗ್ತದೆ ಸ್ವಾಮಿ. ಒಂದು ಬುಟ್ಟಾ ಬರೆದ್ರೆ ಸಾಕು. ಅದು ಎಲ್ಲೆಲ್ಲಿ ಕೂರಬೇಕು ಅನ್ನೋದನ್ನ ಮಗ್ಗ ನೋಡ್ಕೊಳ್ತದೆ."

ಗ್ರಾಫಿನ ಒಂದೊಂದು ಸಾಲಿಗೆ ಒಂದೊಂದು ರಟ್ಟಿನ ಕಾರ್ಡು. ಶಾಯಿ ತುಂಬಿದ ಮನೆ ಇದ್ದಲ್ಲಿ ತೂತು. ತೂತಿದ್ದ ಕಡೆ ಜಕಾರ್ಡಿನ ಹುಕ್ಕು ಹಾಸಿನ ಎಳೆಯನ್ನು ಎತ್ತುತ್ತದೆ, ಇಲ್ಲದ ಕಡೆ ಎತ್ತುವುದಿಲ್ಲ. ಲಾಳಿ ಆ ಸಂದಿಯಲ್ಲಿ ಜರಿಯನ್ನು ದಾಟಿಸಿಕೊಂಡು ಹೋಗುತ್ತದೆ. ಕಾರ್ಡುಗಳ ಸರ ಒಂದು ಸುತ್ತು ಮುಗಿದರೆ ಮತ್ತೆ ಮೊದಲಿನಿಂದ. ಫ್ರಾನ್ಸಿನ ಲಿಯಾನ್ ಪಟ್ಟಣದ ಜೋಸೆಫ್ ಮೇರಿ ಜಕಾರ್ಡ್ 1804ರಲ್ಲಿ ರೂಪಿಸಿದ ಯಂತ್ರ ಇದು.

ಹಿರಿಯರ ಆ ಎರಡು ಮಾತು ಕೇಳಿದಾಗ ಬಹಳ ವರ್ಷಗಳಿಂದ ನನ್ನೊಳಗೆ ಉಳಿದಿದ್ದ ಒಂದು ಗಂಟು ಬಿಚ್ಚಿಕೊಂಡಿತು.

ತೊಂಬತ್ತರ ದಶಕದಲ್ಲಿ ಮಧುಗಿರಿಯ ನಮ್ಮ ನೆಂಟರ ಮನೆಗೆ ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೋ ಗೇಮು ಬಂದಿತ್ತು. ಅದರೊಳಗೆ ಸಿಕ್ಕಿಸುವ ಹಳದಿ ಡಬ್ಬಿಗೆ ನಾವು ಕ್ಯಾಸೆಟ್ಟು ಎನ್ನುತ್ತಿದ್ದೆವು. ಮಕ್ಕಳು ಏಳೆಂಟು ಜನ, ಕಂಟ್ರೋಲು ಎರಡು. ನನ್ನ ಸರದಿ ಬರುವ ಹೊತ್ತಿಗೆ ಕರೆಂಟು ಹೋಗಿರುತ್ತಿತ್ತು. ಹಾಗಾಗಿ ನಾನು ಆಡಿದ್ದಕ್ಕಿಂತ ನೋಡಿದ್ದೇ ಹೆಚ್ಚು. ಮೀಸೆಯ ಮಾರಿಯೋ ಓಡುತ್ತಿದ್ದರೆ ನಾನು ಅವನ ಬೆನ್ನ ಹಿಂದಿನ ಗುಡ್ಡ, ಮೋಡ, ಪೊದೆಗಳನ್ನು ನೋಡುತ್ತಿದ್ದೆ. ಒಂದು ದಿನ ಕಣ್ಣಿಗೆ ಬಿತ್ತು: ಮೇಲಿನ ಮೋಡವೂ ಕೆಳಗಿನ ಪೊದೆಯೂ ಒಂದೇ ಆಕಾರ. ಒಂದು ಬಿಳಿ, ಇನ್ನೊಂದು ಹಸಿರು. "ಮೋಡಕ್ಕೇ ಹಸಿರು ಬಳಿದು ನೆಲಕ್ಕೆ ಇಳಿಸಿದ್ದಾರೆ ಕಣೋ" ಎಂದು ಕೂಗಿದೆ. "ಸುಮ್ನೆ ಆಟ ನೋಡೋ" ಎಂದ ಚಿಕ್ಕಪ್ಪನ ಮಗ. ಮಾಡಿದವರು ಯಾಕೆ ಹೀಗೆ ಮಾಡಿದರು ಎಂದು ಕೇಳಲು ಆಗ ನನಗೆ ಯಾರೂ ಸಿಗಲಿಲ್ಲ. ಹೊಸಕೋಟೆಯ ಜಗಲಿಯಲ್ಲಿ ಉತ್ತರ ಸಿಕ್ಕಿತು. ಅಲ್ಲಿಂದ ಹಿಂದಕ್ಕೆ ಹುಡುಕುತ್ತಾ ಹೋದೆ. ಆಟದ ಹಿನ್ನೆಲೆ ಚಿತ್ರ ಬರೆಯುವ ವಿದ್ಯೆ ಹೇಗೆ ಹುಟ್ಟಿತು ಎನ್ನುವ ಕತೆ ಅದು.

ಮೊದಮೊದಲು ಹಿನ್ನೆಲೆಯನ್ನು ಯಂತ್ರ ಬರೆಯುತ್ತಲೇ ಇರಲಿಲ್ಲ. 1972ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಮ್ಯಾಗ್ನಾವಾಕ್ಸ್ ಒಡಿಸ್ಸಿ ಮನೆಯಲ್ಲಿ ಆಡುವ ಮೊದಲ ವಿಡಿಯೋ ಗೇಮ್ ಯಂತ್ರ. ರಾಲ್ಫ್ ಬೇರ್ ಎಂಬ ಎಂಜಿನಿಯರರ ಕೂಸು. ಅದಕ್ಕೆ ತೋರಿಸಲು ಬರುತ್ತಿದ್ದದ್ದು ಕೆಲವು ಬಿಳಿ ಚೌಕ, ಒಂದು ಗೆರೆ, ಅಷ್ಟೆ. ಟೆನ್ನಿಸ್ ಅಂಗಳ ಬೇಕೆಂದರೆ ಬಣ್ಣದ ಪ್ಲಾಸ್ಟಿಕ್ ಹಾಳೆಯೊಂದನ್ನು ಟಿ.ವಿ. ಗಾಜಿಗೆ ಅಂಟಿಸಿಕೊಳ್ಳಬೇಕಿತ್ತು. ಟಿ.ವಿ.ಗಳ ಅಳತೆ ಬೇರೆ ಬೇರೆಯಾದ್ದರಿಂದ ಹಾಳೆಗಳನ್ನೂ ಎರಡು ಅಳತೆಯಲ್ಲಿ ಕೊಡುತ್ತಿದ್ದರು. 1978ರಲ್ಲಿ ಜಪಾನಿನ ಟೈಟೊ ಕಂಪನಿಯ ಟೊಮೊಹಿರೊ ನಿಶಿಕಾಡೊ ಮಾಡಿದ ಸ್ಪೇಸ್ ಇನ್ವೇಡರ್ಸ್ ಆಟದಲ್ಲೂ ಇದೇ ಉಪಾಯ. ನಿಂತು ಆಡುವ ಆ ಪೆಟ್ಟಿಗೆಯೊಳಗೆ ಚಂದ್ರನ ನೆಲದ ಒಂದು ಚಿತ್ರ ಇಟ್ಟಿದ್ದರು. ಪರದೆಯ ಬೆಳಕು ಕನ್ನಡಿಯಲ್ಲಿ ಮೂಡಿ ಆ ಚಿತ್ರದ ಮೇಲೆ ತೇಲಿದಂತೆ ಕಾಣುತ್ತಿತ್ತು. ನಮ್ಮ ತೊಗಲುಗೊಂಬೆಯಾಟದವರು ಬಿಳಿ ಪರದೆಯ ಹಿಂದೆ ಮರವನ್ನೋ ಅರಮನೆಯನ್ನೋ ಮೊದಲು ಚುಚ್ಚಿ ನಿಲ್ಲಿಸಿ ಆಮೇಲೆ ಗೊಂಬೆ ಆಡಿಸುತ್ತಾರಲ್ಲ, ಹಾಗೆ.

ಆ ಯಂತ್ರಕ್ಕೆ ಚಿತ್ರ ಬರೆಯಲು ಬರುತ್ತಿರಲಿಲ್ಲವೆಂದಲ್ಲ. ಬರೆದದ್ದನ್ನು ಇಟ್ಟುಕೊಳ್ಳಲು ಜಾಗವಿರಲಿಲ್ಲ. ಸ್ಪೇಸ್ ಇನ್ವೇಡರ್ಸ್ ಪರದೆಯಲ್ಲಿ 224 ಅಡ್ಡ, 256 ಉದ್ದ, ಒಟ್ಟು 57,344 ಚುಕ್ಕಿ. ಒಂದೊಂದು ಚುಕ್ಕಿ ಬೆಳಗಬೇಕೋ ಬೇಡವೋ ಎಂಬುದನ್ನು ಮಾತ್ರ ನೆನಪಿಡಲು, ಎಂಟು ಚುಕ್ಕಿಗೊಂದು ಬೈಟಿನಂತೆ, 7,168 ಬೈಟ್ ಬೇಕು. ಬಣ್ಣದ ಮಾತೇ ಇಲ್ಲ. ಅದಕ್ಕೆ ಗಾಜಿನ ಮೇಲೆ ಬಣ್ಣದ ಪಟ್ಟಿ. ಅಷ್ಟೂ ಚುಕ್ಕಿಗಳನ್ನು ತಿದ್ದುವ ಕೆಲಸವೂ ಆ ಒಂದು ಪ್ರೊಸೆಸರಿನ ತಲೆಯ ಮೇಲೆ. ಆಟದಲ್ಲಿ ಸಾಲುಗಟ್ಟಿ ಇಳಿದು ಬರುವ ರಾಕ್ಷಸರಲ್ಲಿ ಒಂದು ಸಲಕ್ಕೆ ಒಬ್ಬನನ್ನು ಮಾತ್ರ ಸರಿಸಲು ಅದಕ್ಕೆ ಸಾಧ್ಯವಾಗುತ್ತಿತ್ತು. ಹಾಗಾಗಿ ರಾಕ್ಷಸರು ಸತ್ತು ಕಡಿಮೆಯಾದಷ್ಟೂ ಉಳಿದವರ ನಡಿಗೆ ಜೋರಾಗುತ್ತಿತ್ತು.

ಮರು ವರ್ಷವೇ, 1979ರಲ್ಲಿ, ನಾಮ್ಕೊ ಕಂಪನಿಯ ಗ್ಯಾಲಕ್ಸಿಯನ್ ಬಂತು. ನನ್ನ ಮಟ್ಟಿಗೆ ಕತೆಯ ನಡುಗಂಬ ಇದು. ಅದರ ಸರ್ಕ್ಯೂಟು ಮಾಡಿದವರು ಪರದೆಯನ್ನು ಚುಕ್ಕಿಗಳ ರಾಶಿಯಾಗಿ ನೋಡಲಿಲ್ಲ. ಚೌಕಾಬಾರದ ಪಟದಂತೆ ಮನೆ ಮನೆಯಾಗಿ ಕಂಡರು. ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಚೌಕಗಳನ್ನು ಒಮ್ಮೆ ಬರೆದು ಬೇರೆ ಕಡೆ ಇಟ್ಟರು, ಒಂದೊಂದಕ್ಕೂ ಒಂದು ನಂಬರು ಕೊಟ್ಟರು. ಪರದೆಯ ಮೆಮೊರಿಯಲ್ಲಿ ಈಗ ಚಿತ್ರವಿಲ್ಲ, ಯಾವ ಮನೆಯಲ್ಲಿ ಯಾವ ನಂಬರು ಎಂಬ ಪಟ್ಟಿ ಮಾತ್ರ. 64 ಚುಕ್ಕಿ ಬದಲಿಸಬೇಕಾದ ಕಡೆ ಒಂದು ನಂಬರು ಬದಲಿಸಿದರೆ ಆಯಿತು. ಇದಕ್ಕೇ ಆಮೇಲೆ ಟೈಲ್ ಎಂಬ ಹೆಸರು ನಿಂತದ್ದು. ಎಂಟಕ್ಕೆ ಎಂಟು ಎಂಬ ಅಳತೆ ಮುಂದೆ ಎಷ್ಟೋ ಮನೆ ಕಂಪ್ಯೂಟರುಗಳಿಗೆ ರೂಢಿಯಾಗಿಬಿಟ್ಟಿತು. ಹೊಸಕೋಟೆಯ ಯಜಮಾನರು ಹೇಳಿದ್ದೂ ಇದನ್ನೇ: ಬುಟ್ಟಾ ಒಂದು ಕಡೆ, ಅದು ಕೂರುವ ಜಾಗದ ಲೆಕ್ಕ ಇನ್ನೊಂದು ಕಡೆ.

ಗ್ಯಾಲಕ್ಸಿಯನ್ ಆಟದ ಹಿನ್ನೆಲೆಯಲ್ಲಿ ಮಿನುಗುವ ನಕ್ಷತ್ರಗಳದ್ದು ಇನ್ನೂ ಸೊಗಸು. ಅವನ್ನು ಟೈಲಾಗಿಯೂ ಇಟ್ಟಿರಲಿಲ್ಲ. 17 ಬಿಟ್ಟುಗಳನ್ನು ಸರಪಳಿಯಂತೆ ಜೋಡಿಸಿ ತಿರುಗಿಸುವ ಒಂದು ಸರ್ಕ್ಯೂಟು, ಪರದೆ ಮೂಡುತ್ತಿರುವಾಗಲೇ ಎಲ್ಲಿ ನಕ್ಷತ್ರ ಬೀಳಬೇಕೆಂದು ಲೆಕ್ಕ ಹಾಕಿ ಉದುರಿಸುತ್ತಿತ್ತು. ಆಕಾಶಕ್ಕೆ ಒಂದು ಬೈಟೂ ಖರ್ಚಿಲ್ಲ.

ಇಂಥದೇ ಸರಪಳಿಯನ್ನು ಆಟ ಬರೆಯುವ ಡೇವಿಡ್ ಕ್ರೇನ್ ಎಲ್ಲಿಗೆ ಒಯ್ದರು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1977ರ ಅಟಾರಿ 2600 ಮನೆಯ ಆಟದ ಪೆಟ್ಟಿಗೆ. ಅದರ ಮೆಮೊರಿ 128 ಬೈಟ್. ಸಾವಿರವಲ್ಲ, ಬರೀ ನೂರಾ ಇಪ್ಪತ್ತೆಂಟು. ಪರದೆಯ ಚಿತ್ರ ಇಟ್ಟುಕೊಳ್ಳಲು ಜಾಗವೇ ಇಲ್ಲದ್ದರಿಂದ ಟಿ.ವಿ. ಒಂದೊಂದು ಗೆರೆ ಎಳೆಯುವಾಗಲೂ ಆ ಗೆರೆಯಲ್ಲಿ ಏನಿರಬೇಕೆಂದು ಪ್ರೋಗ್ರಾಮು ಆಗಿಂದಾಗ್ಗೆ ಹೇಳುತ್ತಿರಬೇಕು. ಹಿನ್ನೆಲೆಗೆ 20 ಬಿಟ್, ಅದೂ ಅರ್ಧ ಪರದೆಗೆ. ಉಳಿದರ್ಧ ಅದರದೇ ಪ್ರತಿಬಿಂಬ, ಇಲ್ಲವೇ ಅದರದೇ ನಕಲು. ಇಂಥ ಪೆಟ್ಟಿಗೆಗೆ ಆಕ್ಟಿವಿಷನ್ ಕಂಪನಿಯ ಕ್ರೇನ್ 1982ರಲ್ಲಿ ಪಿಟ್‌ಫಾಲ್ ಎಂಬ ಆಟ ಬರೆದರು. ಕಾಡಿನಲ್ಲಿ ಒಬ್ಬ ಓಡುತ್ತಾನೆ. ಪರದೆಯ ಅಂಚು ಮುಟ್ಟಿದರೆ ಮುಂದಿನ ಕಾಡು, ಅದರ ಮುಂದೆ ಮತ್ತೊಂದು. ಒಟ್ಟು 255 ದೃಶ್ಯ. ಇಡೀ ಆಟದ ಗಾತ್ರ 4 ಕಿಲೋಬೈಟ್.

ದೃಶ್ಯಗಳನ್ನು ಎಲ್ಲಿ ಇಟ್ಟರು? ಎಲ್ಲೂ ಇಡಲಿಲ್ಲ. ಎಂಟು ದೀಪಗಳನ್ನು ಸಾಲಾಗಿ ಇಟ್ಟಿದ್ದೀರಿ ಎಂದುಕೊಳ್ಳಿ. ಕೆಲವು ಉರಿಯುತ್ತಿವೆ, ಕೆಲವು ಆರಿವೆ. ಎಲ್ಲವನ್ನೂ ಒಂದು ಜಾಗ ಪಕ್ಕಕ್ಕೆ ಸರಿಸಿ. ತುದಿಯದು ಬಿದ್ದುಹೋಗುತ್ತದೆ, ಇನ್ನೊಂದು ತುದಿ ಖಾಲಿಯಾಗುತ್ತದೆ. ಗೊತ್ತು ಮಾಡಿಕೊಂಡ ನಾಲ್ಕು ದೀಪಗಳಲ್ಲಿ ಉರಿಯುತ್ತಿದ್ದವು ಬೆಸವೋ ಸಮವೋ ನೋಡಿ. ಬೆಸವಾದರೆ ಖಾಲಿ ಜಾಗದಲ್ಲಿ ಉರಿಯುವ ದೀಪ, ಸಮವಾದರೆ ಆರಿದ್ದು. ಆ ನಾಲ್ಕನ್ನು ಸರಿಯಾಗಿ ಆರಿಸಿಕೊಂಡರೆ ಎಂಟು ದೀಪಗಳಿಂದಾಗುವ 256 ಜೋಡಣೆಗಳಲ್ಲಿ, ಎಲ್ಲವೂ ಆರಿರುವ ಒಂದನ್ನು ಬಿಟ್ಟು, ಮಿಕ್ಕ 255 ಒಂದಾದ ಮೇಲೊಂದು ಬಂದು ಮತ್ತೆ ಮೊದಲಿಗೆ ಸೇರುತ್ತವೆ. ಹಿಂದಕ್ಕೂ ಅದೇ ದಾರಿಯಲ್ಲಿ ನಡೆಯಬಹುದು, ಹಾಗಾಗಿ ಆಟಗಾರ ಎಡಕ್ಕೆ ಓಡಿದರೆ ಬಿಟ್ಟು ಬಂದ ಕಾಡೇ ಸಿಗುತ್ತದೆ. ಕ್ರೇನ್ ಆ ಎಂಟು ದೀಪಗಳನ್ನು, ಅಂದರೆ ಎಂಟು ಬಿಟ್ಟುಗಳನ್ನು, ಹಂಚಿದರು: ಎರಡು ಬಿಟ್ ಮರಗಳ ಜೋಡಣೆಗೆ, ಮೂರು ಬಿಟ್ ನೆಲದ ಗುಂಡಿಗೆ, ಮೂರು ಬಿಟ್ ದಾರಿಯ ಮೇಲಿನ ವಸ್ತುವಿಗೆ. ಶುರುವಿನ ನಂಬರು 196. ಇಡೀ ಕಾಡನ್ನು ಹುಟ್ಟಿಸುವ ಈ ಲೆಕ್ಕ 50 ಬೈಟ್ ಒಳಗೆ ಮುಗಿಯಿತೆಂದು ಅವರೇ ಮುಂದೆ ಹೇಳಿದ್ದಾರೆ. ಇದಕ್ಕಿಂತ ಅಗ್ಗದಲ್ಲಿ ಇಷ್ಟು ದೊಡ್ಡ ಕಾಡನ್ನು ಯಾರೂ ಬೆಳೆಸಲಿಲ್ಲವೆಂದೇ ನಾನು ನಂಬಿದ್ದೇನೆ.

ಚಿತ್ರವನ್ನು ಕೊಡದೆ ಚಿತ್ರ ಹುಟ್ಟುವ ನಿಯಮವನ್ನು ಮಾತ್ರ ಕೊಡುವುದು ನಮಗೆ ಹೊಸದಲ್ಲ. ನನ್ನಜ್ಜಿ ಸಂಕ್ರಾಂತಿಯ ಹಿಂದಿನ ರಾತ್ರಿ ಪಕ್ಕದ ಮನೆಯ ಹೆಣ್ಣುಮಗಳಿಗೆ ಗೋಡೆಯಾಚೆಯಿಂದಲೇ ರಂಗೋಲಿ ದಾಟಿಸುತ್ತಿದ್ದಳು: "ಏಳು ಚುಕ್ಕಿ, ಸಂದು ಚುಕ್ಕಿ, ನಾಲ್ಕರ ತನಕ ಕಣಮ್ಮಿ." ನಡುವೆ ಏಳು, ಅದರ ಮೇಲೆ ಕೆಳಗೆ ಆರು, ಐದು, ನಾಲ್ಕು, ಒಟ್ಟು 37 ಚುಕ್ಕಿ ಆ ಒಂದು ಮಾತಿನಲ್ಲಿ ಅಂಗಳ ದಾಟಿ ಹೋಗುತ್ತಿದ್ದವು. ಆಮೇಲೆ ಎಳೆ ಹೇಗೆ ತಿರುಗಬೇಕು ಎಂಬುದು ಇನ್ನೊಂದು ಮಾತು. ಕಾಗದ ಬೇಕಿರಲಿಲ್ಲ.

ಇದರೊಳಗೆ ಗಣಿತವಿದೆ ಎಂದು ಕಂಡುಕೊಂಡವರು ಪಕ್ಕದ ಮದ್ರಾಸಿನವರು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್ 1974ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮನೆ ಮುಂದೆ ಹಾಕುವ ಕೋಲಗಳನ್ನು, ಅಂದರೆ ನಮ್ಮ ರಂಗೋಲಿಗಳನ್ನು, ಭಾಷೆಗಿರುವಂಥ ವ್ಯಾಕರಣದಿಂದ ಹುಟ್ಟಿಸಬಹುದು ಎಂದು ತೋರಿಸಿದರು. ಚಿಕ್ಕ ಚಿಕ್ಕ ತುಂಡುಗಳು, ಅವನ್ನು ಸಾಲು ಮತ್ತು ಕಂಬಗಳಲ್ಲಿ ಬೆಳೆಸುವ ನಿಯಮಗಳು. ಅಷ್ಟಿದ್ದರೆ ಸಾಕು, ರಂಗೋಲಿ ಎಷ್ಟು ದೊಡ್ಡದಾದರೂ ಬೆಳೆಯುತ್ತದೆ. ಗ್ಯಾಲಕ್ಸಿಯನ್ ಬರುವುದಕ್ಕೆ ಐದು ವರ್ಷ ಮೊದಲಿನ ಮಾತು. ಜಪಾನಿನವರು ಇದನ್ನು ನೋಡಿ ಕಲಿತರೆಂದು ನಾನು ಹೇಳುತ್ತಿಲ್ಲ. ಒಂದೇ ಊರಿಗೆ ಬೇರೆ ಬೇರೆ ದಾರಿಯಲ್ಲಿ ಬಂದರು.

ಇನ್ನು ಮನೆ ಕಂಪ್ಯೂಟರುಗಳಿಗೆ ಬರೋಣ. 1982ರಲ್ಲಿ ಇಂಗ್ಲೆಂಡಿನ ಸರ್ ಕ್ಲೈವ್ ಸಿಂಕ್ಲೇರ್ ಅವರ ಕಂಪನಿ ಸ್ಪೆಕ್ಟ್ರಮ್ ಎಂಬ ಅಗ್ಗದ ಕಂಪ್ಯೂಟರ್ ಹೊರತಂದಿತು. ಅದರ ಪರದೆ 256ಕ್ಕೆ 192, ಅಂದರೆ 49,152 ಚುಕ್ಕಿ. ಚುಕ್ಕಿಗೊಂದು ಬಣ್ಣ ಕೊಡಲು ಹೋದರೆ 16 ಬಣ್ಣಕ್ಕೆ 24,576 ಬೈಟ್ ಬೇಕು. ಸ್ಪೆಕ್ಟ್ರಮ್‌ನ ಅಗ್ಗದ ಮಾದರಿಯಲ್ಲಿ ಇದ್ದದ್ದೇ ಒಟ್ಟು 16 ಕಿಲೋಬೈಟ್. ಯಂತ್ರವನ್ನು ವಿನ್ಯಾಸ ಮಾಡಿದ ರಿಚರ್ಡ್ ಆಲ್ಟ್‌ವಾಸರ್ ಇಲ್ಲೊಂದು ರಾಜಿ ಮಾಡಿದರು. ಚುಕ್ಕಿ ಉರಿಯುವುದು, ಆರುವುದು ಬಿಡಿ ಬಿಡಿಯಾಗಿ; ಬಣ್ಣ ಮಾತ್ರ ಎಂಟಕ್ಕೆಂಟರ ಚೌಕಕ್ಕೆ ಒಟ್ಟಾಗಿ, ಗೆರೆಗೊಂದು, ಹಿಂದಿನ ಬಯಲಿಗೊಂದು. ಚುಕ್ಕಿಗಳಿಗೆ 6,144 ಬೈಟ್, ಬಣ್ಣಕ್ಕೆ ಬರೀ 768. ಒಟ್ಟು 6,912.

ರಾಜಿಯ ಬೆಲೆಯನ್ನು ತೆತ್ತವರು ಚಿತ್ರ ಬರೆಯುವವರು. ಒಂದು ಚೌಕದಲ್ಲಿ ಎರಡಕ್ಕಿಂತ ಹೆಚ್ಚು ಬಣ್ಣ ಕೂರುವುದಿಲ್ಲ. ಹಸಿರು ಮರದ ಮುಂದೆ ಬಿಳಿ ಮನುಷ್ಯ ಹಾದರೆ ಆ ಚೌಕದ ಎಲೆಗಳೂ ಬೆಳ್ಳಗಾಗುತ್ತವೆ, ಇಲ್ಲ ಮನುಷ್ಯ ಹಸಿರಾಗುತ್ತಾನೆ. ಸೀರೆಯ ಬಣ್ಣ ಬಿಟ್ಟು ಪಕ್ಕದ ಬಟ್ಟೆಗೆ ಹತ್ತಿದ ಹಾಗೆ. ಅದಕ್ಕೇ ಆಗಿನ ಕಲಾವಿದರು ಮರದ ಅಂಚು, ಗೋಡೆಯ ಅಂಚು ಸರಿಯಾಗಿ ಚೌಕದ ಗಡಿಗೇ ಬಂದು ನಿಲ್ಲುವಂತೆ ಬರೆಯುವುದನ್ನು ಕಲಿತರು. ಮನುಷ್ಯ ಓಡಾಡುವ ಜಾಗವನ್ನು ಕಪ್ಪಾಗಿ ಬಿಟ್ಟರು. 1984ರ ನೈಟ್ ಲೋರ್ ಎಂಬ ಆಟದವರಂತೂ ಒಂದೊಂದು ಕೋಣೆಗೆ ಒಂದೇ ಬಣ್ಣ ಎಂದು ತೀರ್ಮಾನಿಸಿ, ಉಳಿದ ಶಕ್ತಿಯನ್ನೆಲ್ಲ ಕಲ್ಲಿನ ಕಮಾನು, ಕಂಬಗಳ ಗೆರೆಗೆ ಸುರಿದರು. ಆ ಕೋಣೆಗಳು ಇವತ್ತಿಗೂ ನೋಡಲು ಚೆನ್ನ.

ಬರೆಯುತ್ತಿದ್ದದ್ದು ಗ್ರಾಫ್ ಹಾಳೆಯ ಮೇಲೆ, ಪೆನ್ಸಿಲಿನಲ್ಲಿ. ಎಂಟು ಮನೆಯ ಒಂದು ಸಾಲು ಎಂದರೆ ಒಂದು ಬೈಟ್. ಮನೆಗಳಿಗೆ ಎಡದಿಂದ 128, 64, 32, 16, 8, 4, 2, 1 ಎಂದು ಬೆಲೆ. ತುಂಬಿದ ಮನೆಗಳ ಬೆಲೆ ಕೂಡಿದರೆ ಆ ಸಾಲಿನ ನಂಬರು ಸಿಕ್ಕಿತು. ನಮ್ಮ ಕಡೆಯ ಬೆಟ್ಟದ ಬುಡದಲ್ಲಿ ಬಿದ್ದಿರುವ ಒಂದು ಗುಂಡುಕಲ್ಲನ್ನು ಬರೆಯಬೇಕೆನ್ನಿ. ಮೊದಲ ಸಾಲಿನಲ್ಲಿ ನಡುವಿನ ನಾಲ್ಕು ಮನೆ: 32, 16, 8, 4 ಕೂಡಿದರೆ 60. ಎರಡನೆಯದರಲ್ಲಿ ಎರಡೂ ಬದಿ ಒಂದೊಂದು ಬಿಟ್ಟು ಆರು ಮನೆ: 126. ಆಮೇಲಿನ ನಾಲ್ಕು ಸಾಲು ಭರ್ತಿ: 255. ಮತ್ತೆ 126, ಮತ್ತೆ 60. ಎಂಟು ನಂಬರು ಬರೆದುಕೊಂಡರೆ ಕಲ್ಲು ಸಿದ್ಧ. ಅದನ್ನು ಪರದೆಯಲ್ಲಿ ನೂರು ಕಡೆ ಇಟ್ಟರೂ ಕಲ್ಲಿನ ಖರ್ಚು ಎಂಟೇ ಬೈಟ್.

1983ರಲ್ಲಿ ಮ್ಯಾಥ್ಯೂ ಸ್ಮಿತ್ ಎಂಬ ಹದಿಹರೆಯದ ಹುಡುಗ ಸ್ಪೆಕ್ಟ್ರಮ್‌ಗೆ ಮ್ಯಾನಿಕ್ ಮೈನರ್ ಎಂಬ ಆಟ ಬರೆದ. ಗಣಿಯೊಳಗಿನ 20 ಗುಹೆ. ಒಂದೊಂದು ಗುಹೆ 32 ಮನೆ ಅಗಲ, 16 ಮನೆ ಎತ್ತರ. ಗುಹೆಗೆ ಎಂಟು ಬಗೆಯ ಚೌಕ. ಒಂದು ಚೌಕಕ್ಕೆ ಆಕಾರದ ಎಂಟು ಬೈಟ್, ಬಣ್ಣದ ಒಂದು, ಒಟ್ಟು ಒಂಬತ್ತು. ನಕ್ಷೆಯಲ್ಲಿ ಮನೆಗೊಂದು ಬೈಟ್, ಅಂದರೆ ಗುಹೆಗೆ 512. ಆ ಬೈಟ್ ಚೌಕದ ನಂಬರೂ ಅಲ್ಲ, ಬಣ್ಣವೇ! ಈ ಬಣ್ಣ ಯಾವ ಚೌಕದ್ದೋ ಆ ಚೌಕವನ್ನು ಇಲ್ಲಿ ಬರೆ ಎಂದು ಪ್ರೋಗ್ರಾಮು ಹುಡುಕಿಕೊಳ್ಳುತ್ತದೆ. ಬಣ್ಣವೇ ಹೆಸರಾಯಿತು.

ಮರು ವರ್ಷ ಅದೇ ಹುಡುಗ ಜೆಟ್ ಸೆಟ್ ವಿಲ್ಲಿ ಬರೆದಾಗ 20 ಗುಹೆಯ ಬದಲು ಸುಮಾರು 60 ಕೋಣೆಗಳ ಬಂಗಲೆ ಬೇಕಾಯಿತು. ಗುಹೆಗೊಂದು ಸಾವಿರ ಬೈಟ್ ಸುರಿಯುವ ಹಳೆಯ ಲೆಕ್ಕದಲ್ಲಿ ಅದು ಸ್ಪೆಕ್ಟ್ರಮ್‌ನ ದೊಡ್ಡ ಮಾದರಿಯ 48 ಕಿಲೋಬೈಟಿಗೂ ಹಿಡಿಯುವುದಿಲ್ಲ. ಅವನು ಕೋಣೆಯನ್ನು ಮತ್ತೆ ನೋಡಿದ. ಒಂದು ಮನೆಯಲ್ಲಿ ಏನಿರಬಹುದು? ಬಯಲು, ನಡೆಯುವ ನೆಲ, ದಾಟಲಾಗದ ಗೋಡೆ, ಮುಟ್ಟಿದರೆ ಸಾವು. ನಾಲ್ಕೇ. ನಾಲ್ಕನ್ನು ಗುರುತಿಸಲು ಇಡೀ ಬೈಟ್ ಯಾಕೆ, ಎರಡು ಬಿಟ್ ಸಾಕು. ಇಳಿಜಾರು ಮೆಟ್ಟಿಲನ್ನು ಬೇರೆಯಾಗಿ ಹೇಳಿದರಾಯಿತು: ಎಲ್ಲಿ ಶುರು, ಎಷ್ಟು ಉದ್ದ. 512 ಬೈಟ್ ಇದ್ದದ್ದು 128ಕ್ಕೆ ಇಳಿಯಿತು. ಒಂದು ಕೋಣೆ, ಅದರ ಹೆಸರು ಸಮೇತ, 256 ಬೈಟಿನೊಳಗೆ. ಆ ಕಾಲದ ಬಣ್ಣ ಬಣ್ಣದ ಎಷ್ಟೋ ಮುಖಪುಟ ಚಿತ್ರಗಳನ್ನು ನೋಡಿದ್ದೇನೆ. ಅವೆಲ್ಲಕ್ಕಿಂತ ಈ ಇಳಿಕೆ ನನಗೆ ಹೆಚ್ಚು ಚಂದ ಕಾಣುತ್ತದೆ. ಆಟದ ಕಲಾವಿದರ ಬಗ್ಗೆ ಬರೆಯುವವರು ಬಣ್ಣ ಬಳಿದವರನ್ನು ಹೊಗಳುತ್ತಾರೆ. ಎಣಿಸಿದವರಿಗೆ ಸಿಗಬೇಕಾದ ಮರ್ಯಾದೆ ಇನ್ನೂ ಸಿಕ್ಕಿಲ್ಲ.

ಅಮೆರಿಕದ ಕಮೋಡೋರ್ 64, ಅದೂ 1982ರದೇ, ಈ ಕೆಲಸಕ್ಕೆ ಹೇಳಿ ಮಾಡಿಸಿದ ಯಂತ್ರ. ಪರದೆಗೆ 40 ಮನೆ ಅಗಲ, 25 ಮನೆ ಎತ್ತರ, ಒಂದು ಸಾವಿರ ಮನೆ. 256 ಚೌಕಗಳ ಆಕಾರಕ್ಕೆ 2,048 ಬೈಟ್. ನೂರು ಪರದೆಯಷ್ಟು ದೊಡ್ಡ ಊರು ಬೇಕೆಂದರೆ ಮನೆಗೊಂದು ಬೈಟಿನಂತೆ ಒಂದು ಲಕ್ಷ ಬೈಟ್, ಯಂತ್ರದಲ್ಲಿರುವುದು 65,536. ಆಗ ಚೌಕಗಳನ್ನೇ ಕೂಡಿಸಿ ದೊಡ್ಡ ಚೌಕ ಮಾಡಿದರು. ನಾಲ್ಕಕ್ಕೆ ನಾಲ್ಕು ಸಣ್ಣ ಚೌಕ ಸೇರಿ ಒಂದು ಮರ, ಒಂದು ಕಿಟಕಿ, ಒಂದು ಬಂಡೆ. ಇಂಥ 64 ತುಂಡಿಗೆ 1,024 ಬೈಟ್. ಪರದೆಗೆ ಹತ್ತು ತುಂಡು ಅಗಲ, ಆರು ಎತ್ತರ, 60 ಬೈಟ್ ಸಾಕು. ನೂರು ಪರದೆಗೆ ಆರು ಸಾವಿರ. ಎಲ್ಲ ಸೇರಿ 9,072. ಉಳಿದ ಜಾಗ ಸಂಗೀತಕ್ಕೆ, ಆಟಕ್ಕೆ. ನೇಕಾರರಿಗೂ ಬುಟ್ಟಾ ಬೇರೆ, ಬುಟ್ಟಾಗಳು ಸೇರಿ ಆದ ಅಂಚು ಬೇರೆ, ಅಂಚುಗಳು ಕೂಡಿ ಆದ ಸೆರಗು ಬೇರೆ.

ಹಿನ್ನೆಲೆ ಚಲಿಸುವ ಕತೆಯೇ ಒಂದು ಬೇರೆ ಲೇಖನ. 1982ರ ಮೂನ್ ಪಟ್ರೋಲ್ ಆಟದಲ್ಲಿ ಹತ್ತಿರದ ಗುಡ್ಡ ಬೇಗ, ದೂರದ ಬೆಟ್ಟ ನಿಧಾನ ಸರಿಯುತ್ತಿದ್ದವು ಎಂದಷ್ಟೇ ಹೇಳಿ ಬಿಡುತ್ತೇನೆ. ಮಧುಗಿರಿಯಿಂದ ಪಾವಗಡದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ಇದು ಗೊತ್ತು: ಹೊಂಗೆಮರ ಓಡುತ್ತದೆ, ಕಡಲೆಕಾಯಿ ಹೊಲ ನಡೆಯುತ್ತದೆ, ಬೆಟ್ಟ ನಮ್ಮ ಜೊತೆಗೇ ಬರುತ್ತದೆ.

ಮಾರಿಯೋನ ಮೋಡಕ್ಕೆ ಮರಳುತ್ತೇನೆ. ಮಸಾಯುಕಿ ಉಯೆಮುರ ವಿನ್ಯಾಸ ಮಾಡಿದ ನಿಂಟೆಂಡೊ ಫ್ಯಾಮಿಕಾಮ್ 1983ರ ಜುಲೈಯಲ್ಲಿ ಜಪಾನಿನಲ್ಲಿ ಬಿಡುಗಡೆಯಾಯಿತು. ನಮ್ಮ ನೆಂಟರ ಮನೆಯಲ್ಲಿದ್ದದ್ದು ಅದರ ನಕಲು. ಅದರ ಪರದೆಗೆ 32 ಮನೆ ಅಗಲ, 30 ಎತ್ತರ; ನಕ್ಷೆಗೆ 960 ಬೈಟ್, ಬಣ್ಣಕ್ಕೆ 64. ಆಕಾರ ಒಂದು ಕಡೆ, ಬಣ್ಣದ ತಟ್ಟೆ ಇನ್ನೊಂದು ಕಡೆ. ತಟ್ಟೆಗಳು ನಾಲ್ಕು. ಒಂದೇ ಆಕಾರಕ್ಕೆ ಬಿಳಿಯ ತಟ್ಟೆ ಕೊಟ್ಟರೆ ಮೋಡ, ಹಸಿರಿನದು ಕೊಟ್ಟರೆ ಪೊದೆ. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟ 40 ಕಿಲೋಬೈಟ್. ಅದರಲ್ಲಿ ಚಿತ್ರಕ್ಕೆ 8, ಆ ಎಂಟರಲ್ಲಿ ಹಿನ್ನೆಲೆಗೆ 4. ಶಿಗೆರು ಮಿಯಾಮೊಟೊ ಮತ್ತು ತಕಾಶಿ ಟೆಝುಕ ದಾರಿಗಳನ್ನು ಗ್ರಾಫ್ ಹಾಳೆಯ ಮೇಲೆ ಬರೆದು, ತಿದ್ದುಪಡಿಗೆ ಅದರ ಮೇಲೆ ಪಾರದರ್ಶಕ ಹಾಳೆ ಇಟ್ಟು ಗುರುತು ಹಾಕುತ್ತಿದ್ದರು. ಚಿಕ್ಕಪ್ಪನ ಮಗನಿಗೆ ಈಚೆಗೆ ಫೋನಿನಲ್ಲಿ ಇದನ್ನು ಹೇಳಿದೆ. "ನೀನು ಅವತ್ತೇ ಹೇಳಿದ್ದೆ ಬಿಡೋ" ಎಂದ. ನನಗೆ ಸಂತೋಷವಾಯಿತು.

ನಮ್ಮ ದೇಶಕ್ಕೂ ಈ ಯಂತ್ರಗಳು ಬಂದಿದ್ದವು. 1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಕ್ಲಾಸ್ ಯೋಜನೆ ಶುರು ಮಾಡಿದಾಗ ಆರಿಸಿಕೊಂಡದ್ದು ಬ್ರಿಟನ್ನಿನ ಬಿಬಿಸಿ ಮೈಕ್ರೊ. 32 ಕಿಲೋಬೈಟಿನ ಆ ಯಂತ್ರದಲ್ಲಿ ಬಣ್ಣದ ಪೂರ್ಣ ಚಿತ್ರಕ್ಕೆ 20 ಕಿಲೋಬೈಟ್ ಹೋಗುತ್ತಿತ್ತು. ಅಕ್ಷರ ಮತ್ತು ಸಣ್ಣ ಚೌಕಗಳಿಂದಲೇ ಚಿತ್ರ ಕಟ್ಟುವ ಇನ್ನೊಂದು ಬಗೆಗೆ ಒಂದೇ ಕಿಲೋಬೈಟ್. ಮುಂದೆ ಸ್ಪೆಕ್ಟ್ರಮ್ ಕೂಡ ಡಿಬಿ ಸ್ಪೆಕ್ಟ್ರಮ್ ಎಂಬ ಹೆಸರಿನಲ್ಲಿ ಇಲ್ಲಿಯೇ ತಯಾರಾಗಿ ಮಾರಾಟಕ್ಕೆ ಬಂತು. ನನ್ನ ಶಾಲೆಯಲ್ಲಿ ಅವು ಯಾವುವೂ ಇರಲಿಲ್ಲ. ಚೌಕಳಿ ಪುಸ್ತಕ ಮಾತ್ರ ಇತ್ತು.

ಹೋದ ಬೇಸಿಗೆಯಲ್ಲಿ ಅದೇ ಚೌಕಳಿ ಪುಸ್ತಕ ತಂದು ಕೂತೆ. ಸ್ಪೆಕ್ಟ್ರಮ್ ಲೆಕ್ಕದಲ್ಲಿ, 32 ಮನೆ ಅಗಲ, 24 ಮನೆ ಎತ್ತರದಲ್ಲಿ, ಮಧುಗಿರಿ ಬೆಟ್ಟವನ್ನು ಬರೆಯುವುದೆಂದು ತೀರ್ಮಾನಿಸಿದೆ. ಏಕಶಿಲೆಯ ಬೆಟ್ಟ ಟೈಲಿಗೆ ಒಲಿಯುವಂಥದ್ದು: ಒಳಗೆಲ್ಲ ಒಂದೇ ಬಂಡೆ, ಕೆಲಸವಿರುವುದು ಅಂಚಿನಲ್ಲಿ. ಆಕಾಶಕ್ಕೊಂದು, ಬಂಡೆಗೊಂದು ಚೌಕ. ನಿಧಾನದ ಇಳಿಜಾರಿಗೆ ಎಡಕ್ಕೆರಡು, ಬಲಕ್ಕೆರಡು. ಕಡಿದಾದದ್ದಕ್ಕೆ ಎರಡೂ ಬದಿಗೆ ಒಂದೊಂದು. ಮಳೆನೀರು ಹರಿದು ಬಂಡೆಯ ಮೇಲೆ ಬಿದ್ದ ಕರಿಗೆರೆಗೆ ಎರಡು. ಇವು ಇಲ್ಲದಿದ್ದರೆ ಅದು ಮಧುಗಿರಿಯಂತೆ ಕಾಣಲೇ ಇಲ್ಲ. ಕೋಟೆ ಗೋಡೆಗೊಂದು, ಗೋಡೆಯ ತೆನೆಗೊಂದು, ಮೆಟ್ಟಿಲಿಗೊಂದು. ದೊಡ್ಡ ಗುಂಡುಕಲ್ಲಿಗೆ ನಾಲ್ಕು, ಹುಣಸೆಮರಕ್ಕೆ ಮೂರು, ಕುರುಚಲು ಗಿಡಕ್ಕೊಂದು, ಕೆಂಪು ನೆಲಕ್ಕೆರಡು, ಕೆರೆಯ ನೀರಿಗೊಂದು. 24 ಚೌಕಕ್ಕೆ ಬೆಟ್ಟ ಮುಗಿಯಿತು. ನಾಲ್ಕು ಸಲ ಅಳಿಸಿ ಬರೆದದ್ದು ಇಳಿಜಾರನ್ನು. ಒಂದು ಚೌಕದ ಕೊನೆ ಮುಂದಿನದರ ಶುರುವಿಗೆ ಕೂಡದಿದ್ದರೆ ಬೆಟ್ಟ ಮೆಟ್ಟಿಲಾಗಿಬಿಡುತ್ತದೆ.

ಆಮೇಲೆ ಅದೇ 24 ಚೌಕಗಳಲ್ಲಿ ಮಿಡಿಗೇಶಿ ಬಂತು. ಚನ್ನರಾಯನದುರ್ಗ ಬಂತು. ಕೊರಟಗೆರೆಯ ಸಿದ್ದರಬೆಟ್ಟಕ್ಕೆ ಗಿಡಮರ ಹೆಚ್ಚು ಇಟ್ಟೆ, ಹೊಸ ಚೌಕ ಬೇಕಾಗಲಿಲ್ಲ. ಪಾವಗಡದ ಬೆಟ್ಟಕ್ಕೂ ಬೇಕಿರಲಿಲ್ಲ. ಆದರೆ ಆ ತಾಲ್ಲೂಕೆಂದರೆ ಈಗ ತಿರುಮಣಿ ಕಡೆಯ 13,000 ಎಕರೆಯ ಸೋಲಾರ್ ಪಾರ್ಕೂ ಹೌದಲ್ಲ. 2,050 ಮೆಗಾವ್ಯಾಟಿನ ಆ ಇಡೀ ಬಯಲಿಗೆ ಒಂದೇ ಒಂದು ಚೌಕ ಸಾಕಾಯಿತು, ಏಕೆಂದರೆ ಅದೇ ಒಂದು ಫಲಕ ನೆಲದುದ್ದಕ್ಕೂ ಮರುಕಳಿಸುತ್ತದೆ. ಶಿರಾಕ್ಕೆ ಬೆಟ್ಟವಿಲ್ಲ, ಮಲಿಕ್ ರಿಹಾನ್ ದರ್ಗಾದ ಗುಮ್ಮಟವಿದೆ. ದುಂಡನೆಯದನ್ನು ಎಂಟು ಮನೆಯ ಚೌಕದಲ್ಲಿ ಹಿಡಿಯುವುದು ಕಷ್ಟ. ಐದು ಹೊಸ ಚೌಕ ಹಿಡಿಯಿತು.

ಒಟ್ಟು 30 ಚೌಕ. ಮ್ಯಾಥ್ಯೂ ಸ್ಮಿತ್‌ನ ಲೆಕ್ಕದಂತೆ ಚೌಕಕ್ಕೆ ಒಂಬತ್ತು ಬೈಟ್, ಅಂದರೆ 270. ಆರು ದೃಶ್ಯಗಳ ನಕ್ಷೆಗೆ ತಲಾ 768ರಂತೆ 4,608. ನಮ್ಮ ನಾಲ್ಕು ತಾಲ್ಲೂಕು 4,878 ಬೈಟಿನಲ್ಲಿ ಹಿಡಿದವು. ಚುಕ್ಕಿ ಚುಕ್ಕಿಯಾಗಿ ಇಟ್ಟರೆ ಒಂದೇ ದೃಶ್ಯಕ್ಕೆ 6,912 ಬೇಕಿತ್ತು.

ಆ ಒಂದು ದೃಶ್ಯದ ಜಾಗದಲ್ಲಿ ಮಿಕ್ಕ 2,034 ಬೈಟಿನಲ್ಲಿ ಇನ್ನೂ ಎರಡು ದೃಶ್ಯಕ್ಕೆ ಜಾಗವಿದೆ. ಒಂದನ್ನು ನಿಡಗಲ್ಲು ಬೆಟ್ಟಕ್ಕೆ ಇಟ್ಟುಕೊಂಡಿದ್ದೇನೆ. ಇನ್ನೊಂದು ನಿಮ್ಮೂರಿನದಾಗಲಿ: ಮನೆಯಲ್ಲಿ ಮಕ್ಕಳಿದ್ದರೆ ಅವರ ಚೌಕಳಿ ಪುಸ್ತಕ ತೆಗೆದುಕೊಂಡು, ಅವರನ್ನೂ ಜೊತೆಗೆ ಕೂರಿಸಿಕೊಂಡು ಬರೆಯಿರಿ.